ಕಾಲವೇಕೆ ಹಿಂದಕ್ಕೆ ಹರಿಯದು? ಬ್ರಹ್ಮಾಂಡದ ಆದಿಯಲ್ಲಿದೆ ಉತ್ತರದ ಎಳೆ

ಬೆಂಗಳೂರು: ಮಕರ ಸಂಕ್ರಾಂತಿಯ ಸಂಜೆ ದಕ್ಷಿಣ ಬೆಂಗಳೂರಿನ ತ್ಯಾಗರಾಜನಗರ, ಎನ್.ಆರ್. ಕಾಲೋನಿ, ಬಸವನಗುಡಿಯ ಬೀದಿಗಳಲ್ಲಿ ಹೊಸ ಬಟ್ಟೆ ತೊಟ್ಟ ಹೆಣ್ಣುಮಕ್ಕಳು ಮನೆಯಿಂದ ಮನೆಗೆ ಎಳ್ಳು ಬೀರಲು ಹೊರಡುತ್ತಾರೆ. ಅದೇ ಹೊತ್ತಿಗೆ ಅಲ್ಲಿಂದ ಅನತಿ ದೂರದ ಗವಿಪುರದಲ್ಲಿ, ಗವಿ ಗಂಗಾಧರೇಶ್ವರನ ಗುಹಾಲಯದ ಮುಂದೆ ಜನಸಂದಣಿ ನೆರೆದಿರುತ್ತದೆ. ಮುಳುಗಲು ಹೊರಟ ಸೂರ್ಯನ ಕಿರಣ ಕಮಾನನ್ನು ದಾಟಿ, ನಂದಿಯ ಕೊಂಬುಗಳ ನಡುವೆ ಹಾದು, ಕೆಲವು ನಿಮಿಷಗಳ ಕಾಲ ಗರ್ಭಗುಡಿಯ ಲಿಂಗವನ್ನು ಬೆಳಗುತ್ತದೆ.

ಒಂದೇ ಸಂಜೆ, ಒಂದೇ ಬಡಾವಣೆಯ ಸುತ್ತಮುತ್ತ ನಡೆಯುವ ಈ ಎರಡು ಸಂಗತಿಗಳಲ್ಲಿ ಭೌತವಿಜ್ಞಾನದ ಅತಿ ದೊಡ್ಡ ಪ್ರಶ್ನೆಯೊಂದು ಅಡಗಿದೆ. ಗುಹೆಗೆ ಬಂದ ಬೆಳಕು ಮುಂದಿನ ವರ್ಷ ತಪ್ಪದೆ ಮರಳಿ ಬರುತ್ತದೆ. ಆದರೆ ಒಮ್ಮೆ ಬೆರೆಸಿದ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆಗಳು ಡಬ್ಬಿಯನ್ನು ಎಷ್ಟು ಕುಲುಕಿದರೂ ಮತ್ತೆ ತಮ್ಮಷ್ಟಕ್ಕೆ ತಾವೇ ಬೇರ್ಪಡುವುದಿಲ್ಲ. ಮೊದಲನೆಯದರಲ್ಲಿ ಕಾಲ ಚಕ್ರದಂತೆ ತೋರುತ್ತದೆ. ಎರಡನೆಯದರಲ್ಲಿ ಬಿಟ್ಟ ಬಾಣದಂತೆ ತೋರುತ್ತದೆ. ಇವೆರಡರಲ್ಲಿ ಯಾವುದು ನಿಜ? ಕಾಲಕ್ಕೊಂದು ದಿಕ್ಕು ಬಂದದ್ದು ಎಲ್ಲಿಂದ?

ಈ ಪ್ರಶ್ನೆಯ ಬೆನ್ನುಹತ್ತಿದ ವಿಜ್ಞಾನಿಗಳು ಕೊನೆಗೆ ಬಂದು ನಿಂತಿರುವುದು ಬ್ರಹ್ಮಾಂಡದ ಆರಂಭದ ಬಾಗಿಲಲ್ಲಿ ಮತ್ತು ಕಪ್ಪುರಂಧ್ರಗಳ ಅಂಚಿನಲ್ಲಿ. ಆ ದಾರಿಯಲ್ಲಿ ಬೆಂಗಳೂರಿನವರೇ ಆದ ವಿಜ್ಞಾನಿಯೊಬ್ಬರ ಹೆಜ್ಜೆಗುರುತು ಸ್ಪಷ್ಟವಾಗಿ ಮೂಡಿದೆ ಎಂಬುದು ಕನ್ನಡಿಗರು ತಿಳಿಯಬೇಕಾದ ಸಂಗತಿ.

ನಿಯಮಗಳಿಗೆ ದಿಕ್ಕಿಲ್ಲ

ಗವಿಪುರದ ಬೆಳಕಿನ ಬಗ್ಗೆ ಜವಾಹರಲಾಲ್ ನೆಹರು ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಬೆಳಕು ಲಿಂಗದ ಮೇಲೆ ಬೀಳುವುದು ವರ್ಷಕ್ಕೆ ಒಂದು ಬಾರಿಯಲ್ಲ, ಎರಡು ಬಾರಿ ಎಂಬುದನ್ನು ಅದು ತೋರಿಸಿಕೊಟ್ಟಿತು. ಜನವರಿ ಮಧ್ಯಭಾಗದಲ್ಲೊಮ್ಮೆ, ನವೆಂಬರ್ ಕೊನೆಯ ವೇಳೆಗೆ ಮತ್ತೊಮ್ಮೆ. ಕಾರಣ ಸರಳವಾಗಿದೆ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ದಕ್ಷಿಣದ ತುತ್ತತುದಿಯನ್ನು ಮುಟ್ಟುತ್ತಾನೆ. ಅಲ್ಲಿಗೆ ಹೋಗುವಾಗ ಒಮ್ಮೆ, ಅಲ್ಲಿಂದ ಮರಳುವಾಗ ಇನ್ನೊಮ್ಮೆ ಆಕಾಶದ ಅದೇ ಎಡೆಯನ್ನು ಹಾದುಹೋಗುತ್ತಾನೆ.

ಈಗ ಆ ಎರಡು ಸಂಜೆಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ, ಯಾವುದರಲ್ಲಿ ಸೂರ್ಯ ದಕ್ಷಿಣಕ್ಕೆ ಸಾಗುತ್ತಿದ್ದಾನೆ, ಯಾವುದರಲ್ಲಿ ಉತ್ತರಕ್ಕೆ ತಿರುಗಿದ್ದಾನೆ ಎಂದು ಬೆಳಕನ್ನಷ್ಟೇ ನೋಡಿ ಹೇಳಲಾಗದು. ಗ್ರಹಗಳ ಚಲನೆಯನ್ನು ಚಿತ್ರೀಕರಿಸಿ ಹಿಂದುಮುಂದಾಗಿ ಓಡಿಸಿದರೂ ಅದು ನ್ಯೂಟನ್ನನ ನಿಯಮಕ್ಕೆ ಚಾಚೂ ತಪ್ಪದೆ ಒಪ್ಪುತ್ತದೆ. ವಿದ್ಯುತ್ಕಾಂತತೆಯ ಸಮೀಕರಣಗಳು ಹಾಗೆಯೇ. 1915ರಲ್ಲಿ ಐನ್‌ಸ್ಟೈನ್ ರೂಪಿಸಿದ ಸಾರ್ವತ್ರಿಕ ಸಾಪೇಕ್ಷತೆಯ ಸಮೀಕರಣಗಳೂ ಹಾಗೆಯೇ. ಕಣಭೌತವಿಜ್ಞಾನದ ಕೆಲವು ವಿರಳ ಪ್ರಕ್ರಿಯೆಗಳಲ್ಲಿ ಸಣ್ಣದೊಂದು ಅಪವಾದ ಕಂಡುಬಂದಿದೆಯಾದರೂ, ನಮ್ಮ ದಿನನಿತ್ಯದ ಅನುಭವವನ್ನು ವಿವರಿಸಲು ಅದು ಸಾಲದು. ಒಟ್ಟಿನಲ್ಲಿ, ಮೂಲ ನಿಯಮಗಳು ನಿನ್ನೆ ಮತ್ತು ನಾಳೆಗಳ ನಡುವೆ ಭೇದವೆಣಿಸುವುದಿಲ್ಲ.

ಆದರೆ ಬದುಕು ಭೇದವೆಣಿಸುತ್ತದೆ. ಒಡೆದ ಮಡಕೆ ಕೂಡುವುದಿಲ್ಲ. ಕಾಫಿಗೆ ಬೆರೆತ ಹಾಲು ಬೇರೆಯಾಗುವುದಿಲ್ಲ. ನಿನ್ನೆಯ ನೆನಪಿದೆ, ನಾಳೆಯ ನೆನಪಿಲ್ಲ. ಈ ಏಕಮುಖತೆಗೆ ಬ್ರಿಟನ್ನಿನ ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್ 1920ರ ದಶಕದ ಕೊನೆಯಲ್ಲಿ 'ಕಾಲದ ಬಾಣ' ಎಂಬ ಹೆಸರನ್ನಿತ್ತರು.

ಎಳ್ಳು-ಬೆಲ್ಲದ ಲೆಕ್ಕ

ಬಾಣದ ಮೊದಲ ವಿವರಣೆ ದೊರೆತದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ, ಆಸ್ಟ್ರಿಯಾದ ಲುಡ್ವಿಗ್ ಬೋಲ್ಟ್ಸ್‌ಮನ್ ಅವರಿಂದ. ಅದನ್ನು ಸಂಕ್ರಾಂತಿಯ ಡಬ್ಬಿಯಲ್ಲಿಯೇ ಪರೀಕ್ಷಿಸಬಹುದು.

10 ಕಡಲೆಬೀಜ ಮತ್ತು 10 ಹುರಿಗಡಲೆಗಳನ್ನು ಒಂದು ಸಾಲಿನಲ್ಲಿ ಜೋಡಿಸಬೇಕೆಂದುಕೊಳ್ಳೋಣ. ಸಾಧ್ಯವಿರುವ ಒಟ್ಟು ಜೋಡಣೆಗಳು 1,84,756. ಇವುಗಳಲ್ಲಿ ಕಡಲೆಬೀಜವೆಲ್ಲ ಒಂದು ಕಡೆ, ಹುರಿಗಡಲೆಯೆಲ್ಲ ಇನ್ನೊಂದು ಕಡೆ ಇರುವ ಜೋಡಣೆಗಳು ಕೇವಲ 2. ಉಳಿದೆಲ್ಲವೂ ಒಂದಿಲ್ಲೊಂದು ಬಗೆಯಲ್ಲಿ ಬೆರೆತವೇ. ತಲಾ 100 ಕಾಳುಗಳಿದ್ದರೆ ಒಟ್ಟು ಜೋಡಣೆಗಳ ಸಂಖ್ಯೆ 59 ಅಂಕಿಗಳಷ್ಟು ಉದ್ದವಾಗುತ್ತದೆ. ಪೂರ್ತಿ ಬೇರ್ಪಟ್ಟವು ಆಗಲೂ ಎರಡೇ. ಹೀಗಾಗಿ ಬೇರ್ಪಡಿಸಿಟ್ಟ ಕಾಳುಗಳನ್ನು ಕುಲುಕಿದರೆ ಅವು ಬೆರೆಯುತ್ತವೆ. ಬೆರೆತವು ಬೇರ್ಪಡುವುದನ್ನು ಯಾವ ನಿಯಮವೂ ನಿಷೇಧಿಸಿಲ್ಲ. ಆದರೆ ಅದಕ್ಕೆ ಇರುವ ಅವಕಾಶ ಇಲ್ಲವೆನ್ನುವಷ್ಟು ಕಡಿಮೆ.

ಹೊರನೋಟಕ್ಕೆ ಒಂದೇ ರೀತಿ ಕಾಣುವ ಸ್ಥಿತಿಯೊಂದು ಒಳಗೆ ಎಷ್ಟು ಬಗೆಯ ಜೋಡಣೆಗಳಿಂದ ಉಂಟಾಗಬಲ್ಲುದು ಎಂಬುದರ ಅಳತೆಯೇ ಎಂಟ್ರೊಪಿ. ಹೊರಗಿನ ಸಂಪರ್ಕವಿಲ್ಲದ ಯಾವುದೇ ವ್ಯವಸ್ಥೆಯಲ್ಲಿ ಎಂಟ್ರೊಪಿ ಹೆಚ್ಚುತ್ತದೆ ಇಲ್ಲವೇ ಇದ್ದಷ್ಟೇ ಇರುತ್ತದೆ ಎಂಬುದು ಉಷ್ಣಚಲನಶಾಸ್ತ್ರದ ಎರಡನೆಯ ನಿಯಮ. ಮನುಷ್ಯ ಮನೆಯನ್ನು ಓರಣಗೊಳಿಸಬಹುದು, ಬೀಜ ಮರವಾಗಬಹುದು. ಆದರೆ ಅದಕ್ಕೆ ಪ್ರತಿಯಾಗಿ ಹೊರಗೆ ಶಾಖದ ರೂಪದಲ್ಲಿ ಇನ್ನೂ ಹೆಚ್ಚಿನ ಎಂಟ್ರೊಪಿ ಚೆಲ್ಲಲೇಬೇಕಾಗುತ್ತದೆ.

ಇಲ್ಲಿಗೆ ಸಮಸ್ಯೆ ಬಗೆಹರಿಯಿತು ಎನಿಸಬಹುದು. ವಾಸ್ತವದಲ್ಲಿ ಅದು ಶುರುವಾಗುವುದೇ ಇಲ್ಲಿಂದ. ಮೂಲ ನಿಯಮಗಳಿಗೆ ದಿಕ್ಕಿಲ್ಲವಾದ್ದರಿಂದ ಬೋಲ್ಟ್ಸ್‌ಮನ್ನರ ಎಣಿಕೆ ಭವಿಷ್ಯಕ್ಕೆ ಹೇಗೋ ಭೂತಕ್ಕೂ ಹಾಗೆಯೇ ಅನ್ವಯಿಸಬೇಕು. ಅರೆಬರೆ ಬೆರೆತ ಡಬ್ಬಿಯೊಂದನ್ನು ಕಂಡಾಗ ಮುಂದೆ ಅದು ಇನ್ನಷ್ಟು ಬೆರೆಯುತ್ತದೆ ಎಂದು ಎಣಿಕೆ ಹೇಳುತ್ತದೆ. ಹಿಂದೆಯೂ ಅದು ಇನ್ನಷ್ಟು ಬೆರೆತೇ ಇದ್ದಿರಬೇಕು ಎಂದೂ ಅದೇ ಎಣಿಕೆ ಹೇಳುತ್ತದೆ! ಇದು ತಪ್ಪೆಂದು ನಮಗೆ ಗೊತ್ತು. ಯಾರೋ ಮೊದಲು ಕಾಳುಗಳನ್ನು ಬೇರೆಬೇರೆಯಾಗಿ ತಂದು ಡಬ್ಬಿಗೆ ಸುರಿದಿದ್ದರು. ಅಂದರೆ ಬಾಣದ ದಿಕ್ಕನ್ನು ನಿರ್ಧರಿಸುವುದು ಕುಲುಕುವ ನಿಯಮವಲ್ಲ, ಆರಂಭದ ಸ್ಥಿತಿ.

ಡಬ್ಬಿಯ ಆರಂಭ ಅಡುಗೆಮನೆಯಲ್ಲಿ. ಅಡುಗೆಮನೆಯ ಓರಣದ ಆರಂಭ ಹೊಲದಲ್ಲಿ, ಹೊಲದ್ದು ಸೂರ್ಯನಲ್ಲಿ, ಸೂರ್ಯನದ್ದು ಅವನನ್ನು ರೂಪಿಸಿದ ಅನಿಲ ಮೋಡದಲ್ಲಿ. ಹೀಗೆ ಹಿಂದೆ ಹಿಂದೆ ಸರಿದಂತೆ ಎಂಟ್ರೊಪಿ ಇನ್ನೂ ಕಡಿಮೆ, ಇನ್ನೂ ಕಡಿಮೆ ಎನ್ನುತ್ತ ಹೋಗಬೇಕು. ಈ ಸರಪಳಿಯ ಕೊನೆಯ ಕೊಂಡಿ ಸುಮಾರು 1,380 ಕೋಟಿ ವರ್ಷಗಳ ಹಿಂದಿನ ಮಹಾಸ್ಫೋಟ.

ಕಾಲ ಕೊನೆಗೊಳ್ಳುವ ಜಾಗ

ಬ್ರಹ್ಮಾಂಡ ಹಿಗ್ಗುತ್ತಿದೆ ಎಂಬುದಕ್ಕೆ ಎಡ್ವಿನ್ ಹಬಲ್ 1929ರಲ್ಲಿ ಪ್ರಬಲ ಪುರಾವೆ ಒದಗಿಸಿದರು. ಅದಕ್ಕೂ ಮೊದಲೇ, 1922ರಲ್ಲಿ ರಷ್ಯಾದ ಅಲೆಕ್ಸಾಂಡರ್ ಫ್ರೀಡ್‌ಮನ್ ಮತ್ತು 1927ರಲ್ಲಿ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಐನ್‌ಸ್ಟೈನರ ಸಮೀಕರಣಗಳಲ್ಲಿಯೇ ಇಂಥ ಬ್ರಹ್ಮಾಂಡವನ್ನು ಕಂಡಿದ್ದರು. ಹಿಗ್ಗುವಿಕೆಯನ್ನು ಹಿಂದಕ್ಕೆ ಎಣಿಸುತ್ತ ಹೋದರೆ ಒಂದು ಕ್ಷಣದಲ್ಲಿ ಸಾಂದ್ರತೆ ಅನಂತವಾಗುತ್ತದೆ, ಸಮೀಕರಣಗಳು ಮುರಿದುಬೀಳುತ್ತವೆ. ಇದನ್ನೇ ಸಿಂಗ್ಯುಲಾರಿಟಿ ಎನ್ನುತ್ತಾರೆ. ಇದು ದೇಶದಲ್ಲಿರುವ ಒಂದು ಚುಕ್ಕೆಯಲ್ಲ. ದೇಶ ಮತ್ತು ಕಾಲಗಳೆರಡೂ ಹೆಣೆದುಕೊಂಡ ಬಟ್ಟೆಯೇ ಅಲ್ಲಿ ಮುಗಿದುಹೋಗುತ್ತದೆ. ಒಂದು ಕಣ ಸಾಗುತ್ತಿರುವ ಹಾದಿಗೆ ಅದರಾಚೆ ಮುಂದುವರಿಕೆಯೇ ಇರುವುದಿಲ್ಲ.

ಬಹುಕಾಲ ಅನೇಕರು ಇದನ್ನು ಗಣಿತದ ಕಣ್ಕಟ್ಟೆಂದೇ ಭಾವಿಸಿದ್ದರು. ಫ್ರೀಡ್‌ಮನ್ನರ ಬ್ರಹ್ಮಾಂಡ ಎಲ್ಲ ಕಡೆಯೂ ಒಂದೇ ಸಮನಾಗಿತ್ತು. ಎಲ್ಲ ದಿಕ್ಕಿನಿಂದ ಸರಿಸಮನಾಗಿ ನುಗ್ಗಿದ ವಸ್ತು ಒಂದೇ ಬಿಂದುವಿಗೆ ಬಂದು ಸೇರುವುದು ಸಹಜ. ನಿಜವಾದ ಬ್ರಹ್ಮಾಂಡದಲ್ಲಿ ಏರುಪೇರುಗಳಿರುವುದರಿಂದ ವಸ್ತು ಬಿಂದುವನ್ನು ತಪ್ಪಿಸಿಕೊಂಡು ಪಕ್ಕಕ್ಕೆ ಸರಿದೀತು ಎಂಬುದು ಅವರ ವಾದ.

ಈ ವಾದವನ್ನು ಅಲುಗಾಡಿಸಿದವರು ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ. 1955ರಲ್ಲಿ ಅವರು ಪ್ರಕಟಿಸಿದ ಸಮೀಕರಣ, ಸಮರೂಪತೆಯ ಊಹೆಯನ್ನು ಕೈಬಿಟ್ಟರೂ ಗುರುತ್ವವು ವಸ್ತುಗಳ ಹಾದಿಗಳನ್ನು ಒಂದರ ಕಡೆಗೊಂದು ಬಾಗಿಸುತ್ತಲೇ ಇರುತ್ತದೆ ಎಂದು ತೋರಿಸಿತು. ತಿರುಗುವಿಕೆ ಮಾತ್ರ ಅದನ್ನು ತಡೆಯಬಲ್ಲುದು. ಏರುಪೇರುಗಳು ತಡೆಯುವ ಬದಲು ಇನ್ನಷ್ಟು ತ್ವರಿತಗೊಳಿಸುತ್ತವೆ. 1965ರಲ್ಲಿ ರೋಜರ್ ಪೆನ್‌ರೋಸ್, ಕುಸಿಯುತ್ತಿರುವ ನಕ್ಷತ್ರ ಒಂದು ಹಂತ ದಾಟಿದ ಮೇಲೆ ಸಿಂಗ್ಯುಲಾರಿಟಿ ಅನಿವಾರ್ಯವೆಂದು ಸಿದ್ಧಪಡಿಸಿದರು. ಸ್ಟೀಫನ್ ಹಾಕಿಂಗ್ ಅದೇ ತರ್ಕವನ್ನು ತಿರುಗಿಸಿ ಬ್ರಹ್ಮಾಂಡದ ಆದಿಗೆ ಅನ್ವಯಿಸಿದರು. 1970ರಲ್ಲಿ ಇಬ್ಬರೂ ಕೂಡಿ ಬರೆದ ಪ್ರಬಂಧ ಈ ಫಲಿತಾಂಶಗಳಿಗೆ ವ್ಯಾಪಕ ರೂಪ ನೀಡಿತು. ಪೆನ್‌ರೋಸ್ ಅವರಿಗೆ 2020ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ರಾಯ್‌ಚೌಧುರಿ 2005ರಲ್ಲಿಯೇ ತೀರಿಕೊಂಡಿದ್ದರು.

ಇಲ್ಲೊಂದು ವಿಷಯ ಗಮನಾರ್ಹ. ಹಾಕಿಂಗ್ ತರ್ಕವನ್ನು ತಿರುಗಿಸಲು ಸಾಧ್ಯವಾದದ್ದೇ ಸಮೀಕರಣಗಳಿಗೆ ಕಾಲದ ದಿಕ್ಕಿಲ್ಲದ ಕಾರಣ. ಗಣಿತದ ದೃಷ್ಟಿಯಲ್ಲಿ ಆದಿಯ ಸಿಂಗ್ಯುಲಾರಿಟಿಯೂ ಕಪ್ಪುರಂಧ್ರದೊಳಗಿನ ಸಿಂಗ್ಯುಲಾರಿಟಿಯೂ ಕನ್ನಡಿಯ ಬಿಂಬಗಳು. ನಿಸರ್ಗದಲ್ಲಿ ಮಾತ್ರ ಅವೆರಡೂ ತೀರಾ ಭಿನ್ನವಾಗಿವೆ. ಕಾಲದ ಬಾಣದ ಗುಟ್ಟು ಇರುವುದು ಈ ಭಿನ್ನತೆಯಲ್ಲಿ.

ನುಣುಪಾದ ಆರಂಭ

ಮಹಾಸ್ಫೋಟವಾದ ಸುಮಾರು 3,80,000 ವರ್ಷಗಳ ನಂತರ ಹೊರಟ ಬೆಳಕು ಇಂದಿಗೂ ಆಕಾಶದ ಎಲ್ಲ ದಿಕ್ಕಿನಿಂದ ಸೂಕ್ಷ್ಮತರಂಗಗಳ ರೂಪದಲ್ಲಿ ಬರುತ್ತಿದೆ. ಅದರ ಉಷ್ಣತೆ ನಿರಪೇಕ್ಷ ಶೂನ್ಯಕ್ಕಿಂತ 2.7 ಡಿಗ್ರಿ ಮೇಲೆ. 1992ರಲ್ಲಿ ಕೋಬೆ ಉಪಗ್ರಹದ ಫಲಿತಾಂಶಗಳು ಪ್ರಕಟವಾದಾಗ, ಈ ಉಷ್ಣತೆಯಲ್ಲಿ ದಿಕ್ಕಿನಿಂದ ದಿಕ್ಕಿಗೆ ಇರುವ ಏರುಪೇರು ಲಕ್ಷದಲ್ಲಿ ಒಂದು ಪಾಲಿನಷ್ಟೇ ಎಂದು ತಿಳಿದುಬಂತು. ಆದಿಮ ಬ್ರಹ್ಮಾಂಡ ಅಷ್ಟೊಂದು ನುಣುಪಾಗಿತ್ತು.

ಎಲ್ಲವೂ ಸಮನಾಗಿ ಬೆರೆತಿದ್ದರೆ ಅದು ಎಂಟ್ರೊಪಿ ಹೆಚ್ಚಿರುವ ಸ್ಥಿತಿಯಲ್ಲವೇ ಎಂಬ ಸಂದೇಹ ಓದುಗರಲ್ಲಿ ಮೂಡುವುದು ಸಹಜ. ಡಬ್ಬಿಯ ಕಾಳುಗಳ ಮಟ್ಟಿಗೆ ಅದು ಸರಿ. ಗುರುತ್ವ ಪ್ರಧಾನವಾದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಗುರುತ್ವ ಎಲ್ಲವನ್ನೂ ಸೆಳೆಯುತ್ತದೆ. ಸಮನಾಗಿ ಹರಡಿದ ಅನಿಲ ಬಹುಕಾಲ ಹಾಗೆಯೇ ಉಳಿಯುವುದಿಲ್ಲ. ಮುದ್ದೆಗಟ್ಟುತ್ತದೆ, ನಕ್ಷತ್ರವಾಗುತ್ತದೆ, ಕೆಲವೊಮ್ಮೆ ಕಪ್ಪುರಂಧ್ರವಾಗುತ್ತದೆ. ಗುರುತ್ವದ ಲೋಕದಲ್ಲಿ ನುಣುಪೇ ಅಪರೂಪದ ಓರಣ, ಮುದ್ದೆಗಟ್ಟುವುದೇ ಸಹಜವಾದ ಚೆಲ್ಲಾಪಿಲ್ಲಿ.

ಇದರ ಪ್ರಮಾಣವನ್ನು ಸಂಖ್ಯೆಗಳು ಹೇಳುತ್ತವೆ. ಜೇಕಬ್ ಬೆಕನ್‌ಸ್ಟೈನ್ ಮತ್ತು ಹಾಕಿಂಗ್ 1970ರ ದಶಕದಲ್ಲಿ ಕಪ್ಪುರಂಧ್ರಕ್ಕೂ ಎಂಟ್ರೊಪಿ ಇದೆಯೆಂದೂ ಅದು ರಂಧ್ರದ ಹೊರಮೈಯ ವಿಸ್ತೀರ್ಣಕ್ಕೆ ಅನುಗುಣವಾಗಿದೆಯೆಂದೂ ತೋರಿಸಿದರು. ಭೌತವಿಜ್ಞಾನಿಗಳು ಬಳಸುವ ಸಹಜ ಮಾನದಲ್ಲಿ ಸೂರ್ಯನ ಎಂಟ್ರೊಪಿ ಸುಮಾರು 1ರ ಮುಂದೆ 58 ಸೊನ್ನೆಗಳಷ್ಟು. ಅಷ್ಟೇ ದ್ರವ್ಯ ಕಪ್ಪುರಂಧ್ರವಾದರೆ ಅದು 1ರ ಮುಂದೆ 77 ಸೊನ್ನೆಗಳಷ್ಟಾಗುತ್ತದೆ. ಇನ್ನು ಕ್ಷೀರಪಥದ ನಡುವೆ ಸೂರ್ಯನ 40 ಲಕ್ಷ ಪಟ್ಟು ತೂಗುವ ಕಪ್ಪುರಂಧ್ರವಿದೆ. ಅದೊಂದರ ಎಂಟ್ರೊಪಿಯೇ, ಕಾಣಬಹುದಾದ ಇಡೀ ಬ್ರಹ್ಮಾಂಡವನ್ನು ತುಂಬಿರುವ ಮಹಾಸ್ಫೋಟದ ಬೆಳಕಿನ ಎಂಟ್ರೊಪಿಗಿಂತ ಹೆಚ್ಚು.

ಅಂದರೆ ಆದಿಯಲ್ಲಿ ಬ್ರಹ್ಮಾಂಡ ಕಪ್ಪುರಂಧ್ರಗಳ ರಾಶಿಯಾಗಿ ಹುಟ್ಟಲು ಇದ್ದ ಅವಕಾಶಗಳು ಅಪಾರ. ನುಣುಪಾಗಿ ಹುಟ್ಟಲು ಇದ್ದ ಅವಕಾಶ ಅತ್ಯಲ್ಪ. ಅದೆಷ್ಟು ಅಲ್ಪವೆಂಬುದನ್ನು ಪೆನ್‌ರೋಸ್ ಅಂದಾಜು ಮಾಡಿದ್ದಾರೆ. 1ರ ಮುಂದೆ 123 ಸೊನ್ನೆಗಳನ್ನಿಟ್ಟರೆ ಒಂದು ಸಂಖ್ಯೆ ಬರುತ್ತದೆಯಷ್ಟೆ. ಅಷ್ಟು ಸೊನ್ನೆಗಳನ್ನು ಮತ್ತೊಂದು 1ರ ಮುಂದೆ ಇಟ್ಟರೆ ಬರುವ ಸಂಖ್ಯೆಯಲ್ಲಿ ಒಂದು ಪಾಲು! ಆ ಸೊನ್ನೆಗಳನ್ನು ಬರೆಯಲು ಕಾಣುವ ಬ್ರಹ್ಮಾಂಡದ ಪರಮಾಣುಗಳನ್ನೆಲ್ಲ ಬಳಸಿದರೂ ಸಾಲದು. ಆದಿಯ ಸಿಂಗ್ಯುಲಾರಿಟಿಯಲ್ಲಿ ದೇಶಕಾಲದ ತಿರುಚುವಿಕೆ ಸೊನ್ನೆಯ ಆಸುಪಾಸಿನಲ್ಲಿರಬೇಕು, ಅಂತ್ಯದ ಸಿಂಗ್ಯುಲಾರಿಟಿಗಳಿಗೆ ಆ ಕಟ್ಟಳೆಯಿಲ್ಲ ಎಂಬ ಊಹೆಯನ್ನು ಅವರು 1979ರಲ್ಲಿ ಮುಂದಿಟ್ಟರು. ಆದರೆ ಆ ಕಟ್ಟಳೆ ಏಕೆ ಎಂಬುದಕ್ಕೆ ಒಮ್ಮತದ ಉತ್ತರ ಇನ್ನೂ ದೊರೆತಿಲ್ಲ.

ಬೆಂಗಳೂರಿನ ವಿಶ್ವೇಶ್ವರರ ಕೊಡುಗೆ

ಬಾಣದ ಇನ್ನೊಂದು ತುದಿಯಾದ ಕಪ್ಪುರಂಧ್ರವನ್ನು ಅರಿಯುವಲ್ಲಿ ಸಿ.ವಿ. ವಿಶ್ವೇಶ್ವರ ಅವರ ಹೆಸರು ಅಗ್ರಪಂಕ್ತಿಯಲ್ಲಿದೆ. 1938ರ ಮಾರ್ಚ್ 6ರಂದು ಬೆಂಗಳೂರಿನಲ್ಲಿ ಜನಿಸಿದ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕಕ್ಕೆ ತೆರಳಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು. ಆಗಿನ್ನೂ 'ಕಪ್ಪುರಂಧ್ರ' ಎಂಬ ಹೆಸರು ಬಳಕೆಗೆ ಬರುತ್ತಿದ್ದ ಕಾಲ. ಇಂಥ ವಸ್ತು ನಿಜವಾಗಿ ಇರಬಲ್ಲುದೆಂದು ನಂಬಿದವರು ಕಡಿಮೆ.

1968ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಕಪ್ಪುರಂಧ್ರದ ಎಲ್ಲೆ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿತು. ತಿರುಗದ ಕಪ್ಪುರಂಧ್ರದಲ್ಲಿ ಎರಡು ಮೇಲ್ಮೈಗಳು ಒಂದೇ ಆಗಿರುತ್ತವೆ: ಯಾವ ವಸ್ತುವೂ ನಿಂತಲ್ಲಿ ನಿಲ್ಲಲಾಗದಂತೆ ಮಾಡುವ ಮೇಲ್ಮೈ ಒಂದು; ಒಳಗೆ ಹೋಗಲು ಬಿಟ್ಟು ಹೊರಗೆ ಬರಲು ಬಿಡದ ಮೇಲ್ಮೈ ಇನ್ನೊಂದು. ತಿರುಗುವ ಕಪ್ಪುರಂಧ್ರದಲ್ಲಿ ಇವೆರಡೂ ಬೇರೆಬೇರೆ. ಎರಡನೆಯದೇ ಘಟನಾ ದಿಗಂತ. ಅದು ಏಕಮುಖ ಬಾಗಿಲು. ಅದನ್ನು ದಾಟಿದವರಿಗೆ ಒಳಮುಖವಾಗಿ ಸಾಗುವುದು ಒಂದು ದಿಕ್ಕಿನ ಆಯ್ಕೆಯಲ್ಲ, ನಾಳೆಯ ಕಡೆಗೆ ಸಾಗುವಷ್ಟೇ ಅನಿವಾರ್ಯ. ಸಿಂಗ್ಯುಲಾರಿಟಿ ಅವರ ಮುಂದಿರುವ ಸ್ಥಳವಲ್ಲ, ಬರಲಿರುವ ಕ್ಷಣ.

1970ರಲ್ಲಿ ಅವರ ಇನ್ನೆರಡು ಮಹತ್ವದ ಪ್ರಬಂಧಗಳು ಹೊರಬಂದವು. ತಿರುಗದ ಕಪ್ಪುರಂಧ್ರವನ್ನು ಸ್ವಲ್ಪ ಕದಡಿದರೆ ಅದು ಒಡೆದುಹೋಗದೆ ಸ್ಥಿರವಾಗಿ ಉಳಿಯುತ್ತದೆ ಎಂಬುದು ಮೊದಲನೆಯದರ ಸಾರ. ಎರಡನೆಯದರಲ್ಲಿ ಅವರು ಗುರುತ್ವ ಅಲೆಯ ತುಣುಕೊಂದನ್ನು ಕಪ್ಪುರಂಧ್ರದ ಮೇಲೆ ಎಸೆದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದರು. ಬಡಿದ ದೇಗುಲದ ಗಂಟೆಯಂತೆ ಕಪ್ಪುರಂಧ್ರ ತನ್ನದೇ ಸ್ವರದಲ್ಲಿ ಮಿಡಿದು, ಕ್ಷಣದಲ್ಲಿ ಶಾಂತವಾಗುತ್ತದೆ ಎಂಬ ಉತ್ತರ ಬಂತು. ಸ್ವರದ ಎತ್ತರ, ಅದು ಕ್ಷೀಣಿಸುವ ವೇಗ ಎರಡೂ ಕಪ್ಪುರಂಧ್ರದ ತೂಕ ಮತ್ತು ತಿರುಗುವಿಕೆಗಳನ್ನು ಮಾತ್ರ ಅವಲಂಬಿಸಿವೆ ಎಂಬುದು ಮುಂದಿನ ಸಂಶೋಧನೆಗಳಿಂದ ತಿಳಿಯಿತು.

ಈ ಲೆಕ್ಕದಲ್ಲಿಯೂ ಕಾಲದ ಬಾಣ ಅಡಗಿದೆ. ವಿಶ್ವೇಶ್ವರ ಬಳಸಿದ ಸಮೀಕರಣಕ್ಕೆ ದಿಕ್ಕಿಲ್ಲ. ದಿಕ್ಕು ಬಂದದ್ದು ಎಲ್ಲೆಗಳಲ್ಲಿ ವಿಧಿಸಿದ ನಿಬಂಧನೆಯಿಂದ: ದಿಗಂತದಲ್ಲಿ ಅಲೆ ಒಳಕ್ಕೆ ಮಾತ್ರ ಹೋಗಬೇಕು, ದೂರದಲ್ಲಿ ಹೊರಕ್ಕೆ ಮಾತ್ರ ಹೋಗಬೇಕು. ಎರಡೂ ಕಡೆ ಶಕ್ತಿ ಸೋರಿಹೋಗುವುದರಿಂದ ಸ್ವರ ಅಡಗುತ್ತದೆ. ನಿಬಂಧನೆಯನ್ನು ತಿರುಗಿಸಿದರೆ ಸಮೀಕರಣ ಬೇಡವೆನ್ನುವುದಿಲ್ಲ. ಅಡಗುವ ಬದಲು ಸ್ವರ ತಾನಾಗಿಯೇ ಏರುತ್ತ ಹೋಗುತ್ತದೆ. ಅಂಥದ್ದು ನಿಸರ್ಗದಲ್ಲಿ ಕಂಡುಬಂದಿಲ್ಲ. ಎಳ್ಳು-ಬೆಲ್ಲದ ಡಬ್ಬಿ ಕಲಿಸಿದ ಪಾಠವೇ ಇಲ್ಲಿಯೂ ಮರುಕಳಿಸುತ್ತದೆ.

ಭಾರತಕ್ಕೆ ಮರಳಿದ ವಿಶ್ವೇಶ್ವರ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ, ಆನಂತರ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗಳಲ್ಲಿ ಸೇವೆ ಸಲ್ಲಿಸಿದರು. 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. ಶಾಲಾ ಮಕ್ಕಳಿಗೆ ಆಕಾಶ ತೋರಿಸುವುದನ್ನು ಅವರು ಸಂಶೋಧನೆಗಿಂತ ಕಿರಿದೆಂದು ಭಾವಿಸಲಿಲ್ಲ. ವ್ಯಂಗ್ಯಚಿತ್ರ ಬರೆಯುವುದು ಅವರ ಇನ್ನೊಂದು ಹವ್ಯಾಸವಾಗಿತ್ತು.

45 ವರ್ಷಗಳ ನಂತರ ಕೇಳಿಸಿದ ಸ್ವರ

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯಗಳು ಮೊದಲ ಬಾರಿಗೆ ಗುರುತ್ವ ಅಲೆಯನ್ನು ಗ್ರಹಿಸಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುರಂಧ್ರಗಳು ಒಂದಾಗಿದ್ದವು. ಸಂಕೇತದ ಕೊನೆಯಲ್ಲಿ, ಹೊಸದಾಗಿ ಹುಟ್ಟಿದ ಕಪ್ಪುರಂಧ್ರ ಸುಮಾರು 250 ಹರ್ಟ್ಸ್ ಸ್ವರದಲ್ಲಿ ಮಿಡಿದು, ಸೆಕೆಂಡಿನ ಕೆಲವೇ ಸಾವಿರದೊಂದು ಭಾಗಗಳಲ್ಲಿ ಮೌನವಾಯಿತು. 1970ರಲ್ಲಿ ಕಾಗದದ ಮೇಲೆ ಮೂಡಿದ್ದ ಗಂಟೆಯ ಕ್ಷೀಣಿಸುವ ನಾದ ನಿಸರ್ಗದಿಂದಲೇ ಕೇಳಿಬಂದಿತ್ತು. 2016ರ ಫೆಬ್ರವರಿ 11ರಂದು ಈ ಆವಿಷ್ಕಾರದ ಘೋಷಣೆಯಾದಾಗ ವಿಶ್ವೇಶ್ವರ ಇದ್ದರು. 11 ತಿಂಗಳ ನಂತರ, 2017ರ ಜನವರಿ 16ರಂದು ಬೆಂಗಳೂರಿನಲ್ಲಿ ನಿಧನರಾದರು.

ಅವರು ನೋಡಲಾಗದ ಇನ್ನೊಂದು ಸಂಗತಿ 2025ರಲ್ಲಿ ನಡೆಯಿತು. ಆ ವರ್ಷದ ಜನವರಿ 14, ಮಕರ ಸಂಕ್ರಾಂತಿಯ ದಿನ. ಭಾರತೀಯ ಕಾಲಮಾನ ಮಧ್ಯಾಹ್ನ 1 ಗಂಟೆ 52 ನಿಮಿಷಕ್ಕೆ, ಗವಿಪುರದಲ್ಲಿ ಬೆಳಕಿನ ನಿರೀಕ್ಷೆಗೆ ಇನ್ನೂ ಕೆಲವು ತಾಸು ಬಾಕಿಯಿದ್ದಾಗ, ಅದುವರೆಗಿನ ಎಲ್ಲಕ್ಕಿಂತ ಸ್ಪಷ್ಟವಾದ ಗುರುತ್ವ ಅಲೆ ಭೂಮಿಯನ್ನು ಹಾದುಹೋಯಿತು. ದಿನಾಂಕವನ್ನೇ ಸೂಚಿಸುವಂತೆ ಅದಕ್ಕೆ ಜಿಡಬ್ಲ್ಯು 250114 ಎಂದು ಹೆಸರಿಡಲಾಗಿದೆ. ಸೂರ್ಯನ 30ಕ್ಕೂ ಹೆಚ್ಚು ಪಟ್ಟು ತೂಗುವ ಎರಡು ಕಪ್ಪುರಂಧ್ರಗಳ ವಿಲೀನ ಅದು.

ಅದರ ಮಹತ್ವವಿರುವುದು ವಿಸ್ತೀರ್ಣದ ಲೆಕ್ಕದಲ್ಲಿ. ಕಪ್ಪುರಂಧ್ರಗಳ ದಿಗಂತದ ಒಟ್ಟು ವಿಸ್ತೀರ್ಣ ಎಂದಿಗೂ ಕುಗ್ಗದು ಎಂದು ಹಾಕಿಂಗ್ 1971ರಲ್ಲಿ ಪ್ರಮೇಯ ಮಂಡಿಸಿದ್ದರು. ಎಂಟ್ರೊಪಿ ಕುಗ್ಗದು ಎಂಬ ನಿಯಮದ ಗುರುತ್ವ ರೂಪವದು. ಜಿಡಬ್ಲ್ಯು 250114ರಲ್ಲಿ ವಿಲೀನಕ್ಕೆ ಮೊದಲು ಎರಡು ದಿಗಂತಗಳ ಒಟ್ಟು ವಿಸ್ತೀರ್ಣ ಸುಮಾರು 2,40,000 ಚದರ ಕಿಲೋಮೀಟರ್. ವಿಲೀನದ ನಂತರ ಸುಮಾರು 4,00,000. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್ ಎಂಬುದನ್ನು ನೆನೆದರೆ ಅಳತೆ ಮನದಟ್ಟಾದೀತು. ಒಂದು ರಾಜ್ಯಕ್ಕಿಂತ ತುಸು ದೊಡ್ಡದಿದ್ದದ್ದು ಎರಡು ರಾಜ್ಯಗಳನ್ನು ಮೀರಿ ಬೆಳೆಯಿತು. ವಿಲೀನದ ನಂತರದ ವಿಸ್ತೀರ್ಣ ತಿಳಿದದ್ದು ಕಪ್ಪುರಂಧ್ರ ಮಿಡಿದ ಸ್ವರಗಳಿಂದ, ಅಂದರೆ ವಿಶ್ವೇಶ್ವರ ತೆರೆದ ದಾರಿಯಿಂದ. 2025ರ ಸೆಪ್ಟೆಂಬರ್‌ನಲ್ಲಿ ಫಲಿತಾಂಶ ಪ್ರಕಟವಾದಾಗ ಪ್ರಮೇಯಕ್ಕೆ ದೊರೆತ ಖಚಿತತೆ ಶೇಕಡ 99.999ರಷ್ಟಿತ್ತು.

ಕಾಲಾಂತರದಲ್ಲಿ ಕಪ್ಪುರಂಧ್ರ ವಿಕಿರಣ ಸೂಸಿ ಕುಗ್ಗಬಹುದು ಎಂದು ಹಾಕಿಂಗ್ ಅವರೇ 1974ರಲ್ಲಿ ತೋರಿಸಿದ್ದುಂಟು. ಆಗಲೂ ರಂಧ್ರ ಮತ್ತು ವಿಕಿರಣ ಎರಡರ ಎಂಟ್ರೊಪಿ ಕೂಡಿಸಿದರೆ ಮೊತ್ತ ಹೆಚ್ಚೇ ಆಗುತ್ತದೆ.

ಉತ್ತರಕ್ಕಾಗಿ ಹುಡುಕಾಟ

ಆದಿ ಏಕೆ ಅಷ್ಟು ನುಣುಪಾಗಿತ್ತು ಎಂಬ ಪ್ರಶ್ನೆಗೆ ಹಲವು ಉತ್ತರಗಳು ಸ್ಪರ್ಧೆಯಲ್ಲಿವೆ. ಬ್ರಹ್ಮಾಂಡ ಹುಟ್ಟಿದ ಕ್ಷಣದಲ್ಲಿಯೇ ಅತಿವೇಗದಿಂದ ಉಬ್ಬಿದ್ದರಿಂದ ಸುಕ್ಕುಗಳು ಅಳಿಸಿಹೋದವು ಎಂಬುದು 1980ರ ದಶಕದಿಂದ ಪ್ರಚಲಿತವಾಗಿರುವ ಇನ್‌ಫ್ಲೇಶನ್ ಸಿದ್ಧಾಂತ. ಆ ಉಬ್ಬುವಿಕೆ ಆರಂಭವಾಗಲಿಕ್ಕೇ ಕಡಿಮೆ ಎಂಟ್ರೊಪಿ ಬೇಕಲ್ಲವೇ ಎಂಬುದು ಪೆನ್‌ರೋಸ್ ಅವರ ಆಕ್ಷೇಪ. ಒಂದು ಯುಗದ ದೂರದ ಭವಿಷ್ಯವೇ ಮುಂದಿನ ಯುಗದ ಮಹಾಸ್ಫೋಟ ಎಂಬ ಆವರ್ತಕ ಬ್ರಹ್ಮಾಂಡದ ಕಲ್ಪನೆಯನ್ನು ಅವರು ಮುಂದಿಟ್ಟಿದ್ದಾರೆ. ಭಾರತ ಮೂಲದ ಅಭಯ್ ಅಷ್ಟೇಕರ್ ಮತ್ತು ಸಂಗಡಿಗರ ಪ್ರಕಾರ, ಕ್ವಾಂಟಂ ನಿಯಮಗಳು ಅಡ್ಡಬಂದು ಸಿಂಗ್ಯುಲಾರಿಟಿ ಉಂಟಾಗುವುದೇ ಇಲ್ಲ. ಕುಗ್ಗಿ ಬಂದ ಬ್ರಹ್ಮಾಂಡ ಚೆಂಡಿನಂತೆ ಪುಟಿದು ಮತ್ತೆ ಹಿಗ್ಗುತ್ತದೆ. ಇವುಗಳಲ್ಲಿ ಯಾವುದಕ್ಕೂ ನಿರ್ಣಾಯಕ ಪುರಾವೆ ದೊರೆತಿಲ್ಲ.

ಇಲ್ಲಿ ಪ್ರಮಾದಕ್ಕೆ ಯಾರೂ ಅತೀತರಲ್ಲ. ಬ್ರಹ್ಮಾಂಡ ಕುಗ್ಗತೊಡಗಿದರೆ ಕಾಲದ ಬಾಣವೂ ತಿರುಗುತ್ತದೆ ಎಂದು ಹಾಕಿಂಗ್ 1985ರಲ್ಲಿ ವಾದಿಸಿದ್ದರು. ಡಾನ್ ಪೇಜ್ ಮತ್ತು ರೇಮಂಡ್ ಲಾಫ್ಲಾಮ್ ಅದರಲ್ಲಿನ ದೋಷ ತೋರಿಸಿದಾಗ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಲಾಫ್ಲಾಮ್ ಅವರ ವಿದ್ಯಾರ್ಥಿಯೇ ಆಗಿದ್ದರು ಎಂಬುದು ಗಮನಾರ್ಹ.

ತ್ಯಾಗರಾಜನಗರಕ್ಕೆ ಹತ್ತಿರದಲ್ಲಿಯೇ ಇರುವ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯ 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಆರಂಭಿಸಿದ್ದು ಇದೇ ಮನೋಭಾವವನ್ನು ಜನಸಾಮಾನ್ಯರಲ್ಲಿ ಬೆಳೆಸಲು. ಆವರ್ತಕ ಬ್ರಹ್ಮಾಂಡದ ಮಾತು ಬಂದೊಡನೆ ಕಲ್ಪ, ಯುಗ, ಪ್ರಳಯಗಳನ್ನು ನೆನೆದು, ಎಲ್ಲವೂ ಮೊದಲೇ ತಿಳಿದಿತ್ತು ಎನ್ನುವವರಿದ್ದಾರೆ. ಪುರಾಣದ ಕಾಲಚಕ್ರ ಭವ್ಯವಾದ ಕಲ್ಪನೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಳತೆಗೆ ಒಳಗಾಗಿ ಸುಳ್ಳಾಗಬಹುದಾದ ಅಪಾಯವನ್ನು ಎದುರಿಸಿದ ಮಾತಿಗೆ ಮಾತ್ರ ವಿಜ್ಞಾನದಲ್ಲಿ ಬೆಲೆ. ವಿಶ್ವೇಶ್ವರರ ಲೆಕ್ಕ ಆ ಪರೀಕ್ಷೆಗಾಗಿ 45 ವರ್ಷ ಕಾದು ಗೆದ್ದಿತು.

ಇಷ್ಟಕ್ಕೂ ಈ ಪ್ರಶ್ನೆ ಶ್ರೀಸಾಮಾನ್ಯನಿಗೆ ಏಕೆ ಬೇಕು? ಸೂರ್ಯನಿಂದ ಭೂಮಿಗೆ ಬರುವ ಪ್ರತಿಯೊಂದು ಬೆಳಕಿನ ಕಣಕ್ಕೆ ಪ್ರತಿಯಾಗಿ ಭೂಮಿ ಸುಮಾರು 20 ಶಾಖದ ಕಣಗಳನ್ನು ಆಕಾಶಕ್ಕೆ ಮರಳಿಸುತ್ತದೆ. ಬಂದ ಶಕ್ತಿ, ಹೋದ ಶಕ್ತಿ ಹೆಚ್ಚುಕಡಿಮೆ ಸಮ. ಎಂಟ್ರೊಪಿ ಮಾತ್ರ ಸುಮಾರು 20 ಪಟ್ಟು. ಕಬ್ಬು ಬೆಳೆಯುವುದು, ಅದು ಬೆಲ್ಲವಾಗುವುದು, ಮಗುವೊಂದು ಅದನ್ನು ತಿಂದು ಬೆಳೆಯುವುದು ಎಲ್ಲವೂ ಈ ವ್ಯತ್ಯಾಸದ ಬಲದಿಂದ. ಸೂರ್ಯ ಕಾದಿರುವುದು, ಸುತ್ತಲ ಆಕಾಶ ತಣ್ಣಗಿರುವುದು ಆದಿಯ ನುಣುಪು ಇನ್ನೂ ಪೂರ್ತಿ ಖರ್ಚಾಗಿಲ್ಲದ ಕಾರಣ. ನೆನಪು ಉಳಿಯುವುದು, ಗಾಯ ಮಾಯುವುದು, ಮನುಷ್ಯ ಮುಪ್ಪಾಗುವುದು, ತೀರಿಹೋದವರು ಮರಳದಿರುವುದು ಇವೆಲ್ಲಕ್ಕೂ ಬೇರು ಅಲ್ಲಿಯೇ ಇದೆ.

ಮುಂದಿನ ಸಂಕ್ರಾಂತಿಯಂದು ಗವಿಯೊಳಗೆ ಬೆಳಕು ಮತ್ತೆ ಬರುತ್ತದೆ. ಆದರೆ ಅದನ್ನು ನೋಡಲು ನಿಂತವರಿಗೆಲ್ಲ ಒಂದು ವರ್ಷ ವಯಸ್ಸಾಗಿರುತ್ತದೆ, ಸೂರ್ಯನಿಗೂ ಸಹ.